ಜೇಬಿನ ಚಾಕು: ಆರಿಸುವುದು, ಮಸೆಯುವುದು, ಮಳೆಗಾಲ ದಾಟಿಸುವುದು

ಮಡಚುವ ಚಾಕು ಯಾವುದು ತಗೊಳ್ಳಲಿ ಅಂತ ಕೇಳುವವರು ತುಂಬಾ ಜನ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: "ಎಷ್ಟು ದುಡ್ಡು ಹಾಕಿದರೆ ಹರಿತ ಹೋಗಲ್ಲ?" ಅಂಥ ಚಾಕು ಇಲ್ಲ. ಎಷ್ಟೇ ಕೊಟ್ಟು ತಂದರೂ ಒಂದು ದಿನ ಮೊಂಡಾಗುತ್ತದೆ. ಆ ದಿನ ನಿಮಗೆ ಮಸೆಯುವುದು ಗೊತ್ತಿದ್ದರೆ ಸಾಧಾರಣ ಚಾಕೂ ಹತ್ತಾರು ವರ್ಷ ಬರುತ್ತದೆ. ಗೊತ್ತಿಲ್ಲದಿದ್ದರೆ ದುಬಾರಿ ಚಾಕೂ ಮೇಜಿನ ಡ್ರಾಯರ್ ಸೇರುತ್ತದೆ. ಅದಕ್ಕೇ ಇಲ್ಲಿ ಕೊಳ್ಳುವುದಕ್ಕಿಂತ ಮಸೆಯುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ನಾಲ್ಕು ಪದ ತಿಳಿದುಕೊಳ್ಳಿ. ಕತ್ತರಿಸುವ ಲೋಹದ ಭಾಗ ಅಲಗು. ಅಲಗಿನ ಹರಿತವಾದ ಅಂಚು ಬಾಯಿ, ಅದರ ಎದುರಿನ ದಪ್ಪ ಅಂಚು ಬೆನ್ನು. ಅಲಗು ತಿರುಗುವ ಜಾಗ ಕೀಲು. ಮುಂದೆಲ್ಲ ಇವೇ ಪದ ಬಳಸುತ್ತೇನೆ.

ಹಂತ 1: ಏನು ಕತ್ತರಿಸುತ್ತೀರಿ ಅಂತ ನೋಡಿ

ಒಂದು ವಾರ ಗಮನಿಸಿ. ಪಾರ್ಸೆಲ್ ಟೇಪು, ಹಾಲಿನ ಪ್ಯಾಕೆಟ್, ಸುತ್ಲಿ ಹಗ್ಗ, ಬಸ್ಸಿನಲ್ಲಿ ತಿನ್ನುವ ಸೇಬು, ಕೈತೋಟದಲ್ಲಿ ಕರಿಬೇವಿನ ಕಡ್ಡಿ. ಹೆಚ್ಚಿನವರ ಪಟ್ಟಿ ಇಷ್ಟೇ ಇರುತ್ತದೆ. ಇದಕ್ಕೆ 6ರಿಂದ 8 ಸೆಂ.ಮೀ. ಉದ್ದದ ಅಲಗು ಧಾರಾಳವಾಯಿತು. ಅದಕ್ಕಿಂತ ದೊಡ್ಡದು ಜೇಬಿನಲ್ಲಿ ಚುಚ್ಚುತ್ತದೆ, ಮನೆಯಲ್ಲೇ ಉಳಿಯುತ್ತದೆ.

ಉದ್ದಕ್ಕಿಂತ ಮುಖ್ಯವಾದದ್ದು ದಪ್ಪ. ಇದನ್ನು ಯಾರೂ ನೋಡುವುದಿಲ್ಲ. ಬೆನ್ನಿನ ಹತ್ತಿರ 2 ಮಿ.ಮೀ. ಆಸುಪಾಸು ಇರುವ ಅಲಗು ಸೇಬಿನೊಳಗೆ ಸಲೀಸಾಗಿ ಇಳಿಯುತ್ತದೆ. 4 ಮಿ.ಮೀ. ದಪ್ಪದ್ದು ಅರ್ಧದವರೆಗೆ ಹೋಗಿ ಹಣ್ಣನ್ನು ಟಪ್ ಅಂತ ಸೀಳುತ್ತದೆ, ಹೋಳು ಮಾಡುವುದಿಲ್ಲ. ಫೋಟೋದಲ್ಲಿ ಗಟ್ಟಿಮುಟ್ಟಾಗಿ ಕಾಣುವ, ಸೈನಿಕರ ಬಣ್ಣ ಬಳಿದ ಚಾಕುಗಳ ದೊಡ್ಡ ತೊಂದರೆ ಇದೇ.

ಗರಗಸದ ಹಾಗೆ ಹಲ್ಲಿರುವ ಬಾಯಿ ಹಗ್ಗಕ್ಕೆ ಚೆನ್ನ. ಆದರೆ ಅದನ್ನು ಮನೆಯ ಕಲ್ಲಿನಲ್ಲಿ ಮಸೆಯಲಾಗದು. ಮೊದಲ ಚಾಕುವಿಗೆ ನೇರ ಬಾಯಿಯದೇ ಇರಲಿ. ಗಿಡಗಳಿಗೆ ಕಸಿ ಕಟ್ಟುವವರ ಲೆಕ್ಕ ಬೇರೆ. ಕಸಿ ಚಾಕುಗಳಲ್ಲಿ ಹಲವಕ್ಕೆ ಒಂದೇ ಪಕ್ಕದಲ್ಲಿ ಇಳಿಜಾರು (ಬಾಯಿಯ ಕಡೆಗೆ ತೆಳುವಾಗುತ್ತಾ ಹೋಗುವ ಪಟ್ಟಿ) ಇರುತ್ತದೆ. ಅದನ್ನು ಎರಡೂ ಪಕ್ಕ ಮಸೆದು ಕೆಡಿಸಬೇಡಿ.

ಹಂತ 2: ಕಾನೂನು ಮತ್ತು ಪ್ರಯಾಣ

ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕುಗಳು ಆಯುಧದ ಪಟ್ಟಿಯಲ್ಲಿ ಬರುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ನಾವು ಮಾತಾಡುತ್ತಿರುವ 3 ಇಂಚಿನ ಚಾಕು ಆ ಅಳತೆಗಿಂತ ಎಷ್ಟೋ ಚಿಕ್ಕದು. ಆದರೂ ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಚಿಮ್ಮುವ ಚಾಕು ಕೊಳ್ಳಲೇಬೇಡಿ. ದೆಹಲಿಯಲ್ಲಿ ಅಂಥವಕ್ಕೆ ಬೇರೆಯೇ ಅಧಿಸೂಚನೆ ಇದೆ, ಅಲ್ಲಿ 7.62 ಸೆಂ.ಮೀ. ಉದ್ದದ ಅಲಗಿಗೇ ತೊಂದರೆ ಶುರು. ಚುನಾವಣೆ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಹಾಕಿದಾಗ ಯಾವ ಚಾಕೂ ಜೇಬಿನಲ್ಲಿ ಬೇಡ.

ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿಗೆ ಹಾಕಿ. ಕೀ ಗೊಂಚಲಿನಲ್ಲಿ ತೂಗುವ ಪುಟ್ಟ ಚಾಕು ನೆನಪೇ ಇರುವುದಿಲ್ಲ ನೋಡಿ, ಭದ್ರತಾ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಜಾಸ್ತಿ ಅದೇ. ಮೆಟ್ರೋಗೆ ಹೋಗುವ ದಿನವೂ ಮನೆಯಲ್ಲೇ ಇಟ್ಟು ಹೋಗಿ.

ಹಂತ 3: ಉಕ್ಕು ಆರಿಸಿ

ಜಾಹೀರಾತಿನಲ್ಲಿ ಉಕ್ಕಿನ ಹೆಸರುಗಳ ಮಳೆಯೇ ಸುರಿಯುತ್ತದೆ. ನಿಮಗೆ ಮೂರು ಗುಂಪು ಗೊತ್ತಿದ್ದರೆ ಸಾಕು.

ಕಾರ್ಬನ್ ಉಕ್ಕು: ನಮ್ಮ ಕಮ್ಮಾರರ ಕುಡುಗೋಲು, ಮಚ್ಚಿನ ಜಾತಿಯದು. ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಮಾವಿನಕಾಯಿ ಹೆಚ್ಚಿದರೆ ಅಲಗೂ ಕಪ್ಪು, ಕಾಯಿಯ ಅಂಚೂ ಕಪ್ಪು. ದಿನವೂ ಬಳಸಿ ಒರೆಸಿಡುತ್ತಾ ಬಂದರೆ ಅಲಗಿನ ಮೇಲೆ ಬೂದು ನೀಲಿ ಪೊರೆಯೊಂದು ಕೂರುತ್ತದೆ. ಅದು ಕೊಳೆಯಲ್ಲ, ತುಕ್ಕನ್ನು ಸ್ವಲ್ಪ ತಡೆಯುವ ಪದರ. ತಿಕ್ಕಿ ತೆಗೆಯಬೇಡಿ.

ಸ್ಟೇನ್‌ಲೆಸ್ ಉಕ್ಕು: ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಬೆರೆತದ್ದು. ತುಕ್ಕು ಹಿಡಿಯುವುದು ಕಡಿಮೆ. ಹಿಡಿಯುವುದೇ ಇಲ್ಲ ಅಂತಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ಒದ್ದೆ ಬಿಟ್ಟರೆ ಇದಕ್ಕೂ ಚುಕ್ಕೆ ಬೀಳುತ್ತದೆ.

ಮೂರನೆಯದು ಡಿ2. ಮಧ್ಯಮ ಬೆಲೆಯ ಚೀನಾ ಚಾಕುಗಳಲ್ಲಿ ಈಗ ಇದೇ ಜಾಸ್ತಿ. ಕ್ರೋಮಿಯಂ ಶೇಕಡಾ 12ರ ಹತ್ತಿರ ಇದ್ದರೂ, ಅದರಲ್ಲಿ ತುಂಬಾ ಭಾಗ ಇಂಗಾಲದ ಜೊತೆ ಸೇರಿ ಗಟ್ಟಿ ಕಾಳುಗಳಾಗಿ ಕೂತುಬಿಡುತ್ತದೆ. ತುಕ್ಕು ತಡೆಯಲು ಉಳಿಯುವುದು ಕಡಿಮೆ. ಬಹಳ ದಿನ ಹರಿತ ನಿಲ್ಲುತ್ತದೆ, ನಿಜ. ಆದರೆ ಮಂಗಳೂರು, ಕಾರವಾರದವರಿಗೆ, ಆಗುಂಬೆ ಕಡೆಯವರಿಗೆ ನಾನು ಇದನ್ನು ಹೇಳುವುದಿಲ್ಲ. ಮಸೆಯುವಾಗಲೂ ಕೈ ನೋವು ಬರುತ್ತದೆ.

ಗಟ್ಟಿತನವನ್ನು ರಾಕ್‌ವೆಲ್ ಅಂಕದಲ್ಲಿ ಹೇಳುತ್ತಾರೆ. ಅಂಕ ಜಾಸ್ತಿಯಾದಷ್ಟು ಹರಿತ ಹೆಚ್ಚು ದಿನ ನಿಲ್ಲುತ್ತದೆ, ಮಸೆಯುವುದೂ ಕಷ್ಟ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ತನ್ನ ಅಲಗುಗಳನ್ನು 56ರ ಸುತ್ತ ಇಡುತ್ತದೆ. ಇದು ಮೆದು ಅಂತ ಬೈಯುವವರಿದ್ದಾರೆ. ಕಲಿಯುವವರಿಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಹತ್ತು ನಿಮಿಷದಲ್ಲಿ ಹರಿತ ಮರಳಿ ಬರುತ್ತದೆ. ಈ ಕಂಪನಿ 1891ರಿಂದ ಸ್ವಿಸ್ ಸೈನಿಕರಿಗೆ ಚಾಕು ಕೊಡುತ್ತಾ ಬಂದಿದೆ. 1921ರಲ್ಲಿ ಸ್ಟೇನ್‌ಲೆಸ್ ಉಕ್ಕಿಗೆ ಬದಲಾದಾಗ, ಆ ಉಕ್ಕಿನ ಫ್ರೆಂಚ್ ಹೆಸರು "ಇನಾಕ್ಸ್" ಅನ್ನು ಹಳೆಯ "ವಿಕ್ಟೋರಿಯಾ" ಜೊತೆ ಸೇರಿಸಿ ಈಗಿನ ಹೆಸರಾಯಿತು.

ಎಚ್ಚರಿಕೆ: ಉಕ್ಕಿನ ಹೆಸರೇ ಹೇಳದೆ ಸುಮ್ನೆ "ಜಪಾನ್ ಸ್ಟೀಲ್" ಅಂತ ಬರೆದಿದ್ದರೆ ಬಿಡಿ. ಅಗ್ಗದ ಚಾಕುವಿನ ಮೇಲೆ ನೀರಿನ ಅಲೆಯಂಥ ಗೆರೆ ಇದ್ದು "ಡಮಾಸ್ಕಸ್" (ಬೇರೆ ಬೇರೆ ಉಕ್ಕಿನ ಪದರ ಬೆಸೆದು ಮಾಡಿದ್ದು) ಅಂದರೆ, ಬಹಳ ಸಲ ಅದು ಮೇಲ್ಮೈಯಲ್ಲಿ ಲೇಸರಿನಿಂದ ಗೀಚಿದ್ದು.

ಹಂತ 4: ಲಾಕ್ ಇರಬೇಕೇ, ಬೇಡವೇ?

ಲಾಕ್ ಇಲ್ಲದ ಚಾಕುವಿನಲ್ಲಿ ಹಿಡಿಯ ಬೆನ್ನಿನ ಕಡೆ ಒಂದು ಪಟ್ಟಿ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿದಿರುತ್ತದೆ. ಇದಕ್ಕೆ ಸ್ಲಿಪ್ ಜಾಯಿಂಟ್ ಅನ್ನುತ್ತಾರೆ. ಕೆಳಮುಖವಾಗಿ ಕತ್ತರಿಸುವಾಗ ಏನೂ ಭಯವಿಲ್ಲ. ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ, ಅಥವಾ ತುದಿಯಿಂದ ಚುಚ್ಚಿದರೆ ಮಡಚಿಕೊಳ್ಳುತ್ತದೆ. ನನ್ನ ತೋರುಬೆರಳಿನ ನಡುಗೆಣ್ಣಿನ ಮೇಲೆ ಒಂದು ಬಿಳಿ ಗೆರೆ ಇದೆ. ಇಂಥ ಚಾಕುವಿನ ತುದಿಯಿಂದ ಬೆಲ್ಟಿಗೆ ತೂತು ಕೊರೆಯಲು ಹೋದಾಗ ಆದದ್ದು.

ಲೈನರ್ ಲಾಕ್ ಅಂದರೆ ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಅಲಗಿನ ಬುಡಕ್ಕೆ ಅಡ್ಡ ಬಂದು ನಿಲ್ಲುವುದು. ಮುಚ್ಚುವಾಗ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಬೇಕು. ಆ ಕ್ಷಣ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಅಲಗು ಸ್ವಲ್ಪ ಬಾಗಿದ ಕೂಡಲೇ ಬೆರಳು ತೆಗೆದು, ಆಮೇಲೆ ಪೂರ್ತಿ ಮಡಚಿ. ಬ್ಯಾಕ್ ಲಾಕ್‌ನಲ್ಲಿ ಗುಂಡಿ ಹಿಡಿಯ ಬೆನ್ನಿನಲ್ಲಿರುವುದರಿಂದ ಆ ಭಯ ಕಡಿಮೆ, ಎಡಗೈಯವರಿಗೂ ಅನುಕೂಲ.

ಉಂಗುರದ ಲಾಕ್ ನನಗೆ ತುಂಬಾ ಇಷ್ಟ. ಫ್ರಾನ್ಸಿನ ಸವೊಯ್ ಪ್ರಾಂತ್ಯದ ಒಪಿನೆಲ್ ಚಾಕುಗಳಲ್ಲಿ 1955ರಿಂದ ಇರುವುದು ಇದೇ. ಹಿಡಿಯ ಕತ್ತಿನಲ್ಲಿರುವ ಉಕ್ಕಿನ ಉಂಗುರವನ್ನು ತಿರುಗಿಸಿದರೆ ಅಲಗು ಗಟ್ಟಿ ನಿಲ್ಲುತ್ತದೆ. ಇಷ್ಟು ಸರಳ. ಇದರ 8ನೇ ನಂಬರಿನ ಅಲಗು 8.5 ಸೆಂ.ಮೀ., ತೆಳ್ಳಗಿದೆ, ಕಾರ್ಬನ್ ಮತ್ತು ಸ್ಟೇನ್‌ಲೆಸ್ ಎರಡರಲ್ಲೂ ಸಿಗುತ್ತದೆ. ಹಿಡಿ ಮರದ್ದು, ಮಳೆಗಾಲದಲ್ಲಿ ಊದುತ್ತದೆ. ಅದಕ್ಕೆ ಉಪಾಯ ಕೊನೆಯಲ್ಲಿ ಹೇಳುತ್ತೇನೆ.

ಯಾವ ಲಾಕ್ ಇದ್ದರೂ ಅದನ್ನು ಪೂರ್ತಿ ನಂಬಬೇಡಿ. ಬಲ ಬೀಳುವ ದಾರಿಯಲ್ಲಿ ಬೆರಳು ಇರಬಾರದು ಅಷ್ಟೇ.

ಹಂತ 5: ಕೈಗೆ ಬಂದ ಕೂಡಲೇ ಪರೀಕ್ಷೆ

ತೆರೆಯಿರಿ. ಅಲಗನ್ನು ಎರಡು ಬೆರಳಲ್ಲಿ ಬೆನ್ನಿನ ಕಡೆಯಿಂದ ಹಿಡಿದು ಮೇಲೆ ಕೆಳಗೆ, ಆಮೇಲೆ ಅಕ್ಕಪಕ್ಕ ಅಲ್ಲಾಡಿಸಿ. ಅಕ್ಕಪಕ್ಕ ಸ್ವಲ್ಪ ಅಲುಗಿದರೆ ಕೀಲಿನ ಸ್ಕ್ರೂ ಬಿಗಿ ಮಾಡಿ ಸರಿಪಡಿಸಬಹುದು. ಈ ಸ್ಕ್ರೂಗೆ ಸಾಮಾನ್ಯವಾಗಿ ಆರು ಮೂಲೆಯ ನಕ್ಷತ್ರದ ತಲೆ ಇರುತ್ತದೆ, ಟಾರ್ಕ್ಸ್ ಅಂತ ಕೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅದರ ಡ್ರೈವರ್ ಕೊಡುತ್ತಾರೆ. ಲಾಕ್ ಹಾಕಿದ ಮೇಲೂ ಮೇಲೆ ಕೆಳಗೆ ಅಲುಗಿದರೆ ವಾಪಸ್ ಮಾಡಿ. ಅದು ಮನೆಯಲ್ಲಿ ಸರಿಹೋಗುವ ದೋಷವಲ್ಲ.

ಮಡಚಿದಾಗ ಅಲಗು ಹಿಡಿಯ ನಡುವೆ ಕೂರುತ್ತದೆಯೇ, ಗೋಡೆಗೆ ತಾಗುತ್ತದೆಯೇ ನೋಡಿ. ಕೈಯಲ್ಲಿ ಗಟ್ಟಿಯಾಗಿ ಹಿಡಿದು ಐದು ನಿಮಿಷ ರಟ್ಟು ಕತ್ತರಿಸಿ. ಎಲ್ಲಿ ಒತ್ತಿ ಕೆಂಪಾಯಿತೋ ಅಲ್ಲಿ ಮುಂದೆ ಗುಳ್ಳೆ ಬರುತ್ತದೆ.

ಹಂತ 6: ಮಸೆಯುವುದು

ಬೇಕಾದ್ದು: ಎರಡು ಮುಖದ ಕಲ್ಲು, ನೀರು, ಹಳೆ ಬಟ್ಟೆ, ಪರ್ಮನೆಂಟ್ ಮಾರ್ಕರ್, ಹಳೆಯ ಚರ್ಮದ ಬೆಲ್ಟು.

ಕಲ್ಲಿನ ಒರಟುತನಕ್ಕೆ ಗ್ರಿಟ್ ಅನ್ನುವ ಸಂಖ್ಯೆ ಇದೆ. ಸಂಖ್ಯೆ ಜಾಸ್ತಿಯಾದಷ್ಟು ನಯ. 400 ಮತ್ತು 1000 ಎರಡೂ ಮುಖವಿರುವ ಕಲ್ಲು ಸಿಕ್ಕರೆ ಬೇರೆ ಏನೂ ಬೇಡ. ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಂ ಕಲ್ಲಿನಲ್ಲೂ ಕಲಿಯಬಹುದು, ಸ್ವಲ್ಪ ಒರಟು ಅಷ್ಟೇ.

ಬೀದಿಯಲ್ಲಿ ಬರುವ ಸಾಣೆಯವರಿಗೆ ಕೊಡಬಹುದಾ ಅಂತ ಕೇಳುತ್ತೀರಿ. ಈಳಿಗೆಮಣೆಗೆ, ಮಚ್ಚಿಗೆ ಸರಿ. ತೆಳು ಅಲಗಿಗೆ ಬೇಡ. ಓಡುವ ಒಣ ಚಕ್ರದ ಮೇಲೆ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ. ಬಾಯಿಯ ಮೇಲೆ ನೀಲಿ ಬಣ್ಣ ಕಂಡರೆ ಅಲ್ಲಿ ಶಾಖ ಸುಮಾರು 300 ಡಿಗ್ರಿಯ ಹತ್ತಿರ ಹೋಗಿದೆ ಅಂತ ಅರ್ಥ. ಅಷ್ಟು ಕಾದರೆ ಉಕ್ಕಿನ ಹದ ಹೋಗುತ್ತದೆ, ಆ ಜಾಗ ಮೆತ್ತಗಾಗಿ ಮತ್ತೆ ಮತ್ತೆ ಮೊಂಡಾಗುತ್ತದೆ. ಎಳೆದರೆ ಹರಿತವಾಗುವ ವಿ ಆಕಾರದ ಸಣ್ಣ ಸಾಧನವೂ ಬೇಡ. ಅದು ಲೋಹವನ್ನು ಹರಿದು ಕೀಳುತ್ತದೆ.

ಈಗ ಕೆಲಸಕ್ಕೆ ಬನ್ನಿ.

ಒಂದು. ಕಲ್ಲನ್ನು ಗುಳ್ಳೆ ಬರುವುದು ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿಡಿ, ಹತ್ತು ನಿಮಿಷ ಸಾಕು. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಡಿ, ಜಾರುವುದಿಲ್ಲ. ಒಮ್ಮೆ ಎಣ್ಣೆ ಹಾಕಿದ ಕಲ್ಲಿಗೆ ನೀರು ಒಗ್ಗುವುದಿಲ್ಲ, ಅದಕ್ಕೆ ಎಣ್ಣೆಯೇ ಗತಿ.

ಎರಡು. ಬಾಯಿಯ ಇಳಿಜಾರಿಗೆ ಎರಡೂ ಪಕ್ಕ ಮಾರ್ಕರ್ ಬಳಿಯಿರಿ.

ಮೂರು. ಕೋನ ಹಿಡಿಯಿರಿ. ಪಕ್ಕಕ್ಕೆ 20 ಡಿಗ್ರಿ ಅಂತ ಎಲ್ಲೆಡೆ ಬರೆದಿರುತ್ತದೆ, ಕೋನಮಾಪಕ ಯಾರ ಹತ್ತಿರ ಇದೆ? ಸುಲಭದ ಲೆಕ್ಕ ಇದು: ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಎತ್ತಿದರೆ ಸುಮಾರು 20 ಡಿಗ್ರಿ ಆಗುತ್ತದೆ. 18 ಮಿ.ಮೀ. ಅಗಲದ ಅಲಗಿಗೆ 6 ಮಿ.ಮೀ. ಒಂದು ರೂಪಾಯಿಯ ನಾಲ್ಕು ನಾಣ್ಯ ಒಂದರ ಮೇಲೊಂದು ಇಟ್ಟರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಬೆನ್ನನ್ನು ನಾಣ್ಯದ ಮೇಲೆ ಇಟ್ಟು ನೋಡಿ, ಕೈಗೆ ಅಂದಾಜು ಸಿಕ್ಕ ಮೇಲೆ ನಾಣ್ಯ ತೆಗೆಯಿರಿ.

ನಾಲ್ಕು. ಒರಟು ಮುಖದ ಮೇಲೆ, ಕಲ್ಲಿನ ಮೇಲ್ಪದರವನ್ನು ತೆಳ್ಳಗೆ ಹೆರೆಯುವ ಹಾಗೆ ಬಾಯಿ ಮುಂದಾಗಿ ತಳ್ಳಿ. ಬುಡದಿಂದ ಶುರು ಮಾಡಿ ತುದಿಯಲ್ಲಿ ಮುಗಿಯಲಿ. ತುದಿ ಸುತ್ತಿ ಬಾಗುವ ಕಡೆ ಹಿಡಿಯನ್ನು ಒಂಚೂರು ಎತ್ತಿ. ಎಡಗೈಯ ಎರಡು ಬೆರಳನ್ನು ಅಲಗಿನ ಮೇಲಿಟ್ಟು, ಬಾಯಿಗೆ ತಾಗದ ಹಾಗೆ ಮೆಲ್ಲಗೆ ಒತ್ತಿ. ಹಿಡಿಯ ಮೇಲೆ ಬಲ ಹಾಕಬೇಡಿ. ಮಡಚುವ ಚಾಕುವಿನಲ್ಲಿ ಆ ಬಲವೆಲ್ಲ ಕೀಲಿಗೆ ಹೋಗುತ್ತದೆ, ಕೋನವೂ ಅಲುಗುತ್ತದೆ.

ಐದು. ನಾಲ್ಕು ಸಲ ತಳ್ಳಿ ನಿಲ್ಲಿಸಿ, ಮಾರ್ಕರ್ ನೋಡಿ. ಇಳಿಜಾರಿನ ಮೇಲ್ಗಡೆ ಮಾತ್ರ ಬಣ್ಣ ಹೋಗಿ ಬಾಯಿಯಂಚಿನಲ್ಲಿ ಉಳಿದಿದ್ದರೆ ಬೆನ್ನು ತುಂಬಾ ತಗ್ಗಿದೆ, ಎತ್ತಿ. ಬಾಯಿಯಂಚಿನಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿ ಎತ್ತಿದ್ದೀರಿ, ಇಳಿಸಿ. ಪೂರ್ತಿ ಒಂದೇ ಸಮ ಹೋದರೆ ಕೋನ ಸಿಕ್ಕಿತು.

ಆರು. ಇದು ಎಲ್ಲರೂ ತಪ್ಪುವ ಜಾಗ, ನಿಧಾನವಾಗಿ ಓದಿ. ಒಂದೇ ಪಕ್ಕ ಮಸೆಯುತ್ತಾ ಹೋದರೆ ಬಾಯಿಯ ಲೋಹ ತೆಳುವಾಗಿ ಆಚೆ ಪಕ್ಕಕ್ಕೆ ಮಗುಚಿ ನಿಲ್ಲುತ್ತದೆ. ಇದಕ್ಕೆ ಬರ್ ಅನ್ನುತ್ತಾರೆ. ಕಣ್ಣಿಗೆ ಕಾಣುವುದು ಕಷ್ಟ, ಬೆರಳಿಗೆ ಸಿಗುತ್ತದೆ. ಆಚೆ ಪಕ್ಕದಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸರಿಸಿ, ಹೊರಕ್ಕೆ. ಬಾಯಿಯ ಉದ್ದಕ್ಕೆ ಎಂದೂ ಸರಿಸಬೇಡಿ. ಸಣ್ಣ ತೊಡರು ಸಿಕ್ಕ ಹಾಗಾಗುತ್ತದೆ, ಹತ್ತಿ ಬಟ್ಟೆಯ ಎಳೆ ಉಗುರಿಗೆ ಸಿಕ್ಕಂತೆ. ಬುಡದಿಂದ ತುದಿಯವರೆಗೆ ಎಲ್ಲ ಕಡೆ ಅದು ಸಿಗುವವರೆಗೆ ಪಕ್ಕ ಬದಲಿಸಬಾರದು. ಮೊದಲ ಸಲ ಇಪ್ಪತ್ತು ನಿಮಿಷವೂ ಹಿಡಿಯಬಹುದು. "ಎಷ್ಟು ಮಸೆದರೂ ಹರಿತ ಬರಲ್ಲ" ಅನ್ನುವವರಲ್ಲಿ ಬಹುಪಾಲು ಜನ ಬರ್ ಬರುವ ಮೊದಲೇ ಪಕ್ಕ ಬದಲಿಸಿದವರು.

ಏಳು. ಬರ್ ಬಂದ ಮೇಲೆ ಇನ್ನೊಂದು ಪಕ್ಕವನ್ನೂ ಹಾಗೇ ಮಾಡಿ. ಆಮೇಲೆ 1000ದ ಮುಖಕ್ಕೆ ಬನ್ನಿ, ಒತ್ತಡ ಅರ್ಧ ಮಾಡಿ. ಕೊನೆಗೆ ಆ ಪಕ್ಕ ಒಂದು, ಈ ಪಕ್ಕ ಒಂದು, ಹೀಗೆ ಚಾಕುವಿನ ತೂಕವಷ್ಟೇ ಬೀಳುವ ಹಾಗೆ ಹತ್ತು ಸಲ. ಬರ್ ಸಣ್ಣದಾಗುತ್ತಾ ಹೋಗುತ್ತದೆ.

ಎಂಟು. ಬೆಲ್ಟಿನ ಒಳಮೈಯನ್ನು ಮೇಜಿನ ಅಂಚಿನಲ್ಲಿ ಬಿಗಿಯಾಗಿ ಹಾಸಿ, ಬೆನ್ನು ಮುಂದೆ ಬಾಯಿ ಹಿಂದೆ ಮಾಡಿ ಎಳೆಯಿರಿ, ಪಕ್ಕಕ್ಕೆ ಹದಿನೈದು ಸಲ. ಇಲ್ಲಿ ಬಾಯಿ ಮುಂದಾದರೆ ಬೆಲ್ಟು ತುಂಡಾಗುತ್ತದೆ.

ಪರೀಕ್ಷೆಗೆ ಟೊಮೆಟೊ ತಗೊಳ್ಳಿ. ಒತ್ತದೆ, ಅಲಗನ್ನು ಸುಮ್ನೆ ಇಟ್ಟು ಎಳೆದಾಗ ಸಿಪ್ಪೆ ಬಿಟ್ಟುಕೊಟ್ಟರೆ ಮುಗಿಯಿತು. ಜಾರಿದರೆ ಏಳಕ್ಕೆ ವಾಪಸ್. ಮುಗಿದ ಮೇಲೆ ಕೀಲಿನೊಳಗೆ ಹೋದ ಕಲ್ಲಿನ ಕೆಸರನ್ನು ತೊಳೆಯುವುದು ಮರೆಯಬೇಡಿ. ಅದು ಒಳಗೇ ಉಳಿದರೆ ಕೀಲನ್ನು ತೇಯುತ್ತದೆ.

ಪ್ರತಿ ಸಲ ಇಷ್ಟೆಲ್ಲ ಬೇಕಿಲ್ಲ. ಹರಿತ ಸ್ವಲ್ಪ ಇಳಿದಾಗ ಬೆಲ್ಟು ಸಾಕು. ಬೆಲ್ಟಿಗೂ ಬಗ್ಗದಿದ್ದರೆ 1000ದ ಮುಖ. ಪ್ರಯಾಣದಲ್ಲಿ ಕಲ್ಲಿಲ್ಲದಿದ್ದರೆ ಪಿಂಗಾಣಿ ಲೋಟ ಬೋರಲು ಹಾಕಿ. ತಳದ ಹೊಳಪಿಲ್ಲದ ಒರಟು ಉಂಗುರದ ಮೇಲೆ ಪಕ್ಕಕ್ಕೆ ಐದಾರು ಸಲ ಎಳೆಯಿರಿ.

ಕಲ್ಲೂ ಸವೆದು ನಡುವೆ ತಗ್ಗಾಗುತ್ತದೆ. ಪೆನ್ಸಿಲಿನಿಂದ ಚೌಕ ಗೆರೆ ಎಳೆದು, ಗಾಜಿನ ಮೇಲೆ 220ರ ನೀರಿನ ಉಜ್ಜುಕಾಗದ ಹಾಸಿ ಗೆರೆ ಪೂರ್ತಿ ಮಾಯವಾಗುವವರೆಗೆ ಉಜ್ಜಿ.

ಹಂತ 7: ತೊಳೆದು ಎಣ್ಣೆ ಹಾಕುವುದು

ತಿಂಗಳಿಗೊಮ್ಮೆ ಜೇಬಿನ ನೂಲು, ಧೂಳು ತೆಗೆಯಿರಿ. ಲೋಹ, ಪ್ಲಾಸ್ಟಿಕ್ ಹಿಡಿಯವನ್ನು ಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ಸೋಪು, ಹಳೆ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯಿರಿ. ನೀರೊಳಗೇ ನಾಲ್ಕೈದು ಸಲ ತೆರೆದು ಮುಚ್ಚಿ. ಚೆನ್ನಾಗಿ ಒಣಗಿದ ಮೇಲೆ ಕೀಲಿಗೆ ಒಂದು ಹನಿ ಎಣ್ಣೆ.

ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆ, ಆದರೆ ಕೀಲಿಗೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟ್ಲಿಯಲ್ಲಿ ಬೆಳ್ಳಗಾಗುತ್ತದಲ್ವಾ, ಕೀಲಿನೊಳಗೂ ಅದೇ ಆಗುತ್ತದೆ. ಉಳಿದ ಅಡುಗೆ ಎಣ್ಣೆಗಳು ಅಂಟಾಗುತ್ತವೆ. ಹೊಲಿಗೆ ಮಿಷಿನ್ ಎಣ್ಣೆ ಕೀಲಿಗೆ ಒಳ್ಳೆಯದು, ಆದರೆ ಹಣ್ಣು ಹೆಚ್ಚುವ ಅಲಗಿಗೆ ಬಳಿಯಬೇಡಿ. ಎರಡಕ್ಕೂ ಆಗುವುದು ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್. ಬೇರೇನೂ ಬೆರೆಸದ ಶುದ್ಧ ಪ್ಯಾರಾಫಿನ್ ಅಂತ ಹೇಳಿ ಕೇಳಿ, ಮಲಬದ್ಧತೆಗೆ ಕೊಡುವ ಬಿಳಿ ಸಿರಪ್ ಅಲ್ಲ.

ಹಲಸಿನ ಮೇಣ ಹತ್ತಿದರೆ ನೀರು, ಸೋಪು ಯಾವುದೂ ನಡೆಯುವುದಿಲ್ಲ. ಇಲ್ಲಿ ಮಾತ್ರ ಕೊಬ್ಬರಿ ಎಣ್ಣೆಯೇ ಬೇಕು. ಬಟ್ಟೆಗೆ ಎಣ್ಣೆ ಹಾಕಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಮೇಣ ಉಂಡೆಯಾಗಿ ಬರುತ್ತದೆ. ಆಮೇಲೆ ಸೋಪಿನಿಂದ ತೊಳೆಯಿರಿ. ಹೆಚ್ಚುವ ಮೊದಲೇ ಅಲಗಿಗೆ ಎಣ್ಣೆ ಸವರಿದರೆ ಅರ್ಧ ಕೆಲಸ ಉಳಿಯುತ್ತದೆ. ಈಳಿಗೆಮಣೆಗೆ ಮನೆಯಲ್ಲಿ ಮಾಡುವುದೂ ಇದನ್ನೇ.

ಕೆಂಪು ತುಕ್ಕು ಕಂಡರೆ ಅಡುಗೆ ಸೋಡಾವನ್ನು ಒಂದೆರಡು ಹನಿ ನೀರಿನಲ್ಲಿ ಕಲಸಿ ಬಟ್ಟೆಯಿಂದ ತಿಕ್ಕಿ. ಹಿತ್ತಾಳೆ ಪಾತ್ರೆಗೆ ಹಾಕುವ ಹುಣಸೆಹಣ್ಣು ಬೇಡ, ಅದರ ಹುಳಿ ಉಕ್ಕನ್ನೇ ತಿನ್ನುತ್ತದೆ.

ಹಂತ 8: ಮಳೆಗಾಲ

ಜೂನ್ ಬರುವ ಮೊದಲು ಚಾಕುವನ್ನು ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಚೀಲದೊಳಗಿದ್ದ ಚಾಕುವಿಗೇ ಮೊದಲು ತುಕ್ಕು. ಅಲಗಿಗೆ ತೆಳುವಾಗಿ ಪ್ಯಾರಾಫಿನ್ ಸವರಿ, ಮುಚ್ಚಳದ ಡಬ್ಬಿಯಲ್ಲಿ ಹೊಸ ಬ್ಯಾಗು, ಶೂಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ದಿನವೂ ಬಳಸುವುದಾದರೆ ರಾತ್ರಿ ಒರೆಸಿ ಇಟ್ಟರೆ ಸಾಕು. ಬಳಸುವ ಚಾಕುವಿಗಿಂತ ಮರೆತ ಚಾಕು ಬೇಗ ಹಾಳಾಗುತ್ತದೆ.

ಮರದ ಹಿಡಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ಮಳೆಗಾಲದಲ್ಲಿ ಅದು ಊದಿ ಅಲಗು ಹೊರಗೆ ಬರದಿದ್ದರೆ ಉಗುರು ಮುರಿದುಕೊಳ್ಳುವ ಹಾಗೆ ಎಳೆಯಬೇಡಿ. ಒಪಿನೆಲ್‌ನಂಥದ್ದಾದರೆ ಉಂಗುರ ತಿರುಗಿಸಿ ಲಾಕ್ ಬಿಡಿಸಿ, ಹಿಡಿಯ ಹಿಂಬದಿಯ ತುದಿಯನ್ನು ಮರದ ಮೇಜಿಗೆ ಒಮ್ಮೆ ಕುಟ್ಟಿ. ಅಲಗಿನ ತುದಿ ತಾನೇ ಸ್ವಲ್ಪ ಮೇಲೆ ಬರುತ್ತದೆ, ಅಲ್ಲಿಂದ ಹಿಡಿದು ತೆರೆಯಿರಿ. ಸವೊಯ್ ಜನರ ಹಳೆಯ ಉಪಾಯವಿದು, ಮಲೆನಾಡಿನ ಜುಲೈಗೂ ಸರಿಯಾಗಿ ಒಗ್ಗುತ್ತದೆ. ಬಿಸಿಲು ಬಂದು ಮರ ಒಣಗಿದ ಮೇಲೆ ಸಡಿಲವಾಗುತ್ತದೆ. ಅವಸರಪಟ್ಟು ಮರ ಹೆರೆದುಬಿಟ್ಟರೆ ಬೇಸಿಗೆಯಲ್ಲಿ ಅಲಗು ಲೊಡಲೊಡ ಅನ್ನುತ್ತದೆ.

ಬೆರಳು ಕೊಯ್ದುಕೊಂಡರೆ

ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಕೈ ಎದೆಗಿಂತ ಮೇಲಿರಲಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ರಕ್ತ ನಿಂತ ಮೇಲೆ ನಲ್ಲಿ ನೀರಿನಲ್ಲಿ ತೊಳೆಯಿರಿ. ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದರೆ, ಅಥವಾ ಪೂರ್ತಿ ಮಡಚಲು, ಚಾಚಲು ಆಗದಿದ್ದರೆ ನರವೋ ಸ್ನಾಯುರಜ್ಜುವೋ ಕೊಯ್ದಿರಬಹುದು, ಆಗಲೇ ಆಸ್ಪತ್ರೆಗೆ ಹೋಗಿ. ಕೊನೆಯ ಸಲ ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ನೆನಪಿಲ್ಲದಿದ್ದರೆ ಅದನ್ನೂ ಅಲ್ಲೇ ಹೇಳಿ.